ರೈಜೋಬಿಯಂ ಪುಡಿ: ಸೋಯಾಗೆ ಬೇಕು, ಅಲಸಂದೆಗೆ ಸುಮ್ನೆ ಖರ್ಚು

ಬೀಜಕ್ಕೆ ಹಚ್ಚುವ ಕಪ್ಪು ಪುಡಿ ಇದು. ಒಳಗಿರೋದು ರೈಜೋಬಿಯಂ ಬ್ಯಾಕ್ಟೀರಿಯಾ. ಬೇರಲ್ಲಿ ಗಂಟು ಕಟ್ಟಿಸಿ, ಅದರೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುತ್ತೆ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ‘ಎಲ್ಲಾ ದ್ವಿದಳ ಬೆಳೆಗಳಿಗೆ’ ಅಂತ ಬರೆದಿದ್ದಾರೆ. ನನಗೆ ಅನುಮಾನ ಬಂದಿದ್ದೇ ಅಲ್ಲಿ. ಈ ಬ್ಯಾಕ್ಟೀರಿಯಾಗಳು ಸಿಕ್ಕ ಬೇರಿಗೆಲ್ಲ ಒಗ್ಗುವಂಥವಲ್ಲ. ಸೋಯಾಗೆ ಒಗ್ಗುವುದು ಬಟಾಣಿಗೆ ಒಗ್ಗುವುದಿಲ್ಲ. ಹಿಂಬದಿಯಲ್ಲಿ ಹುಡುಕಿದಾಗ ಸಣ್ಣಕ್ಷರದಲ್ಲಿ ‘ಬ್ರಾಡಿರೈಜೋಬಿಯಂ ಜಪಾನಿಕಂ’ ಅಂತ ಕಂಡಿತು. ಅಂದರೆ ಇದು ಸೋಯಾದ್ದು. ಹಾಗಂತ ಮುಂದೆಯೇ ಬರೆಯೋಕೆ ಏನು ಕಷ್ಟ?

ಬಳಸೋದು ಸುಲಭ. ಬೆಲ್ಲದ ಅಂಟು ನೀರಲ್ಲಿ ಪುಡಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಬೇಕು. ಬಿಸಿಲಿಗಿಟ್ಟರೆ ಜೀವ ಹೋಗುತ್ತೆ. ಬೀಜಕ್ಕೆ ಶಿಲೀಂಧ್ರನಾಶಕ ಹಾಕುವುದಿದ್ದರೆ ಅದು ಮೊದಲು, ಒಣಗಿದ ಮೇಲೆ ಇದು. ಪುಡಿ ನುಣ್ಣಗಿತ್ತು, ಬೀಜಕ್ಕೆ ಚೆನ್ನಾಗಿ ಅಂಟಿತು. ತಯಾರಿಸಿದ ದಿನಾಂಕ ಮಾತ್ರ ಸೀಲ್ ಮಡಿಕೆಯಲ್ಲಿ ಅರ್ಧ ಅಳಿಸಿಹೋಗಿತ್ತು. ಒಳಗಿರೋದು ಜೀವ. ಹಳತಾದರೆ ಸಾಯುತ್ತೆ. ಅದಕ್ಕೇ ಈ ದಿನಾಂಕ ಓದಲಾಗದಿದ್ದರೆ ನಾನು ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಸೋಯಾ ಯಾವತ್ತೂ ಬೆಳೆಯದ ಜಾಗದಲ್ಲಿ ಸೋಯಾ, ಪಕ್ಕದಲ್ಲಿ ಅಲಸಂದೆ ಹಾಕಿದ್ದೆ. ಎರಡರಲ್ಲೂ ಒಂದೊಂದು ಸಾಲಿನ ಬೀಜಕ್ಕೆ ಪುಡಿ ಹಚ್ಚಿರಲಿಲ್ಲ. ಹೂ ಬಿಡುವ ಹೊತ್ತಿಗೆ ಗಿಡಗಳನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ, ಬೇರನ್ನು ನೀರಲ್ಲಿ ಅಲ್ಲಾಡಿಸಿ ತೊಳೆದೆ. ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಪುಡಿ ಹಚ್ಚಿದ ಸೋಯಾದ ತಾಯಿಬೇರಿನ ಬುಡದಲ್ಲಿ ದಪ್ಪ ಗಂಟುಗಳು ಗುಂಪಾಗಿದ್ದವು. ಬ್ಲೇಡಿನಲ್ಲಿ ಸೀಳಿದರೆ ಒಳಗೆ ಮಾಂಸದಂಥ ಗುಲಾಬಿ ಬಣ್ಣ. ಅದು ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿ. ಸಾರಜನಕ ಹಿಡಿಯುವ ಕಿಣ್ವವನ್ನು ಆಮ್ಲಜನಕ ಹಾಳು ಮಾಡದಂತೆ ಇದು ಕಾಯುತ್ತೆ. ಗುಲಾಬಿ ಇದ್ದರೆ ಒಳಗೆ ಕೆಲಸ ನಡೀತಿದೆ ಅಂತ. ಬೆಳ್ಳಗಿದ್ದರೆ ಗಂಟು ದಂಡ. ಹಚ್ಚದ ಸಾಲಿನ ಸೋಯಾ ಬೇರು ಬೋಳು, ಎಲೆ ಹಳದಿ.

ಅಲಸಂದೆಯಲ್ಲಿ ಕತೆಯೇ ಬೇರೆ. ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಒಂದೇ ಥರ ಗಂಟು, ಒಂದೇ ಗುಲಾಬಿ. ಅಲಸಂದೆ ಮಣ್ಣಲ್ಲಿ ಮೊದಲೇ ಇರುವ ಹಲವು ಬಗೆಯ ಬ್ಯಾಕ್ಟೀರಿಯಾಗಳ ಜತೆ ಹೊಂದಿಕೊಳ್ಳುತ್ತೆ. ಆ ಮಣ್ಣಿಗೆ ಪಳಗಿದ ಅವು ಬೇರಿನ ಜಾಗವನ್ನು ಮೊದಲೇ ಹಿಡಿದಿರುತ್ತವೆ. ಪ್ಯಾಕೆಟ್ಟಿನಿಂದ ಬಂದವಕ್ಕೆ ಅಲ್ಲಿ ಜಾಗ ಸಿಗೋದು ಕಷ್ಟ. ನೆಲದಲ್ಲಿರುವ ಸೂಕ್ಷ್ಮಜೀವಿಗಳೇ ಪುಕ್ಕಟೆ ಮಾಡುವ ಕೆಲಸಕ್ಕೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಇನ್ನೊಂದು ಮಾತು, ಲೇಬಲ್ಲಿನಲ್ಲಿ ಇಲ್ಲದ್ದು. ಯೂರಿಯಾ ಜಾಸ್ತಿ ಸುರಿದ ನೆಲದಲ್ಲಿ ಈ ಪುಡಿ ಹಾಕಿ ಫಲವಿಲ್ಲ. ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ತುಂಬಾ ಹುಳಿ ಮಣ್ಣಲ್ಲೂ ಗಂಟು ಕಡಿಮೆ.

ಸೋಯಾಗೆ 5ಕ್ಕೆ 4 ಅಂಕ. ಒಂದು ಕಳೆದದ್ದು ಲೇಬಲ್ಲಿಗೆ. ಅಲಸಂದೆಯವರು ಕೊಳ್ಳುವ ಮುಂಚೆ ಒಂದು ಗಿಡ ಎತ್ತಿ ಗಂಟು ಸೀಳಿ ನೋಡಿ. ಸೋಯಾ ಬ್ಯಾಕ್ಟೀರಿಯಾ ಒಮ್ಮೆ ನೆಲೆಯೂರಿದರೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಹಾಗಾಗಿ ಮುಂದಿನ ಸಲ ಅದೇ ಜಾಗದಲ್ಲಿ ಒಂದು ಸಾಲು ಪುಡಿ ಇಲ್ಲದೇ ಬಿತ್ತುತ್ತೇನೆ. ಅದರಲ್ಲೂ ಗುಲಾಬಿ ಗಂಟು ಕಂಡರೆ ಎರಡನೇ ಪ್ಯಾಕೆಟ್ ಕೊಳ್ಳುವುದಿಲ್ಲ.