ಕಪ್ಪೆ ಥರ ಮಲಗಿಸಿ ಮೇಲೆ ಕೂತು ಒತ್ತಿದರೆ, ದಯವಿಟ್ಟು ಎದ್ದು ಬನ್ನಿ

ಬ್ಯಾಲೆ ಕಲಿಯುತ್ತಿರುವವರು, ಮಕ್ಕಳನ್ನು ಸೇರಿಸಿರುವವರು ಇದನ್ನೊಮ್ಮೆ ಓದಿ. ಭರತನಾಟ್ಯದವರೂ ಓದಬಹುದು, ಕಾಲು ಹೊರಕ್ಕೆ ತಿರುಗಿಸಿ ಅರ್ಧ ಕೂರುವ ಅರಮಂಡಿಗೂ ಅದೇ ತೊಡೆ ಕೀಲು ತಾನೇ.

27ನೇ ವಯಸ್ಸಿಗೆ ಬೆಂಗಳೂರಲ್ಲಿ ಒಂದು ಬ್ಯಾಲೆ ಕ್ಲಾಸಿಗೆ ಸೇರಿದೆ. ಹೆಸರು ಬೇಡ. ಚಿಕ್ಕಂದಿನಲ್ಲಿ ಎಂಟು ವರ್ಷ ಭರತನಾಟ್ಯ ಮಾಡಿದ್ದೆ, ಕಾಲು ಹೊರಕ್ಕೆ ತಿರುಗಿಸಿ ನಿಲ್ಲೋದು ನನಗೇನು ಹೊಸದಾ ಅನ್ನೋ ಜಂಬ ಬೇರೆ. ಹಿಮ್ಮಡಿ ಎರಡೂ ಕೂಡಿಸಿ, ಪಾದಗಳು ಒಂದೇ ಗೆರೆಯಲ್ಲಿ ಪೂರ್ತಿ 180 ಡಿಗ್ರಿ ಬರಬೇಕು ಅಂದರು. ನನಗೆ ಬರಲಿಲ್ಲ. "ಮಂಡಿ ಬಗ್ಗಿಸು, ಪಾದ ತಿರುಗಿಸಿ ಊರು, ಈಗ ಮಂಡಿ ನೇರ ಮಾಡು" ಅಂದರು ಮ್ಯಾಮ್. ಬಂತು! ಕನ್ನಡಿ ನೋಡಿ ಎಷ್ಟು ಖುಷಿ. ಪಾದ ಪಕ್ಕಕ್ಕೆ, ಮಂಡಿಚಿಪ್ಪು ಮಾತ್ರ ಮುಂದಕ್ಕೆ ನೋಡುತ್ತಿತ್ತು. ಅದು ತಪ್ಪು ಅಂತ ಯಾರೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ಕಪ್ಪೆ. ಬೋರಲು ಮಲಗಿ ಮಂಡಿ ಅಗಲಿಸಿ ಪಾದ ಎರಡೂ ಸೇರಿಸಿದರೆ ಹಿಂಭಾಗ ಮೇಲೇಳುತ್ತದೆ, ಅದನ್ನು ನೆಲಕ್ಕೆ ಮುಟ್ಟಿಸೋಕೆ ಇನ್ನೊಬ್ಬರು ಮೇಲೆ ಕೂತು ಒತ್ತಬೇಕು. ನನ್ನ ಮೇಲೆ ಕೂತವಳು ಕಾಲೇಜು ಹುಡುಗಿ, ಪಾಪ, ಹೇಳಿದ್ದು ಮಾಡಿದಳು. ಮೂರನೇ ವಾರ ಬಲಗಡೆ ತೊಡೆಸಂದಿನಲ್ಲಿ ಟಕ್ ಅಂತು. "ಓಪನ್ ಆಗ್ತಿದೆ, ಒಳ್ಳೇದು" ಅಂದರು.

ಇಲ್ಲಿ ನಮ್ಮ ಭಾಷೆಯೂ ಕೈ ಕೊಟ್ಟಿತು. ಮನೆಯಲ್ಲಿ "ಸೊಂಟ ನೋವು" ಅಂದೆ, ಅಮ್ಮ ಬೆನ್ನಿನ ಕೆಳಗೆ ಮುಲಾಮು ಹಚ್ಚಿದರು. ಡಾಕ್ಟರ ಹತ್ತಿರವೂ ಅದನ್ನೇ ಹೇಳಿದೆ, ಅವರು ಬೆನ್ನಿನ ಎಕ್ಸ್‌ರೇ ತೆಗೆಸಿದರು. ಮೂರು ತಿಂಗಳು ಸುಮ್ನೆ ಹೋಯಿತು. ಎರಡನೇ ಡಾಕ್ಟರು "ಬೆರಳಲ್ಲಿ ತೋರಿಸಮ್ಮ" ಅಂದರು. ಒಂದು ಬೆರಳಲ್ಲಿ ತೋರಿಸೋಕೇ ಆಗಲಿಲ್ಲ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಪಕ್ಕೆಯ ಕೆಳಗೆ ಹಿಡಿದುಕೊಂಡೆ. ಅಷ್ಟು ಸಾಕಾಯಿತು ಅವರಿಗೆ, ತೊಡೆ ಕೀಲಿನ ಒಳಗಿನ ನೋವಿರುವವರು ಹಿಡಿಯೋದೇ ಹಾಗಂತೆ. ಎಮ್‌ಆರ್‌ಐನಲ್ಲಿ ಗೊತ್ತಾಯಿತು, ತೊಡೆ ಮೂಳೆಯ ಗುಂಡು ಕೂರುವ ಗುಳಿಯ ಅಂಚಿಗೆ ಒಂದು ಮೆತ್ತನೆ ಬಳೆ ಇರುತ್ತಲ್ಲ, ಲೇಬ್ರಮ್, ಅದು ಹರಿದಿದೆ. ಆ ಒಂದೇ ದಿನ ಹರೀತೋ, ಸ್ವಲ್ಪ ಸ್ವಲ್ಪವಾಗಿ ಸವೀತೋ ಹೇಳೋಕಾಗಲ್ಲ ಅಂದರು.

ಫಿಸಿಯೋ ಮೊದಲು ಮಾಡಿದ್ದು ಅಳತೆ. ಬೋರಲು ಮಲಗಿಸಿ, ಮಂಡಿ ಮಡಚಿ, ಕಾಲು ಎಷ್ಟು ತಿರುಗುತ್ತೆ ಅಂತ ನೋಡಿದರು. ಹೊರಕ್ಕೆ 42 ಡಿಗ್ರಿ. ಎರಡೂ ಕಾಲು ಸೇರಿ 85ರ ಆಸುಪಾಸು. ಹಾಗಾದರೆ ನಾನು ನಿಲ್ಲುತ್ತಿದ್ದ 180? ಮಂಡಿ ತಿರುಚಿ, ಪಾದದ ಒಳಬದಿ ನೆಲಕ್ಕೆ ಕುಸಿದು, ಹೊಟ್ಟೆ ಮುಂದಕ್ಕೆ ತಳ್ಳಿ ಬಂದದ್ದು. ಹಾಗೆ ಸೊಂಟದ ಮೂಳೆ ಮುಂದಕ್ಕೆ ವಾಲಿಸಿದರೆ ಕೀಲಿನ ಮುಂದಿರುವ ಗಟ್ಟಿ ಪಟ್ಟಿ ಸಡಿಲವಾಗುತ್ತದೆ, ಕಾಲು ಇನ್ನಷ್ಟು ತಿರುಗಿದ ಹಾಗೆ ಕಾಣುತ್ತದೆ. ನಮ್ಮನ್ನು ನಾವೇ ಯಾಮಾರಿಸೋ ಕೆಲಸ.

ತೊಡೆ ಮೂಳೆಯ ಕತ್ತು ಹುಟ್ಟುವಾಗ ಸುಮಾರು 40 ಡಿಗ್ರಿ ಮುಂದಕ್ಕೆ ತಿರುಚಿರುತ್ತದೆ, ಬೆಳೆದ ಮೇಲೆ 15ರ ಹತ್ತಿರ ಬಂದು ನಿಲ್ಲುತ್ತದೆ. ಕೆಲವರಲ್ಲಿ ಜಾಸ್ತಿ ಉಳಿಯುತ್ತೆ, ಅಂಥವರಿಗೆ ಕಾಲು ಒಳಕ್ಕೆ ಚೆನ್ನಾಗಿ ತಿರುಗುತ್ತದೆ, ಹೊರಕ್ಕೆ ಕಮ್ಮಿ. ನಾನು ಆ ಪೈಕಿ. ಮೂಳೆ ತಡೆದರೆ ಮೇಲೆ ಆನೆ ಕೂತರೂ ಮುಂದೆ ಹೋಗಲ್ಲ, ಸುತ್ತಲಿನದ್ದು ಕಿತ್ತುಕೊಂಡು ಬರುತ್ತೆ ಅಷ್ಟೇ. ಬಲಪಡಿಸೋಕೆ ಆಗೋದು ಹಿಂಭಾಗದ ಆಳದಲ್ಲಿರುವ ಆರು ಪುಟ್ಟ ಸ್ನಾಯುಗಳನ್ನು. ಕಾಲನ್ನು ಹೊರಕ್ಕೆ ತಿರುಗಿಸಿ ಹಿಡಿಯೋದು ಮುಖ್ಯವಾಗಿ ಅವೇ. ಆ ಕ್ಲಾಸಿನಲ್ಲಿ ಅವುಗಳ ಸುದ್ದಿಯೇ ಬರಲಿಲ್ಲ.

ಇನ್ನೊಂದು ಮಾತು. ಟಕ್ ಅಂದ ಕೂಡಲೇ ಹೆದರಬೇಡಿ, ನೋವಿಲ್ಲದ ಸದ್ದು ಸ್ನಾಯುವಿನ ತಂತು ಮೂಳೆ ಮೇಲೆ ಜಾರೋದರಿಂದಲೂ ಬರುತ್ತೆ, ಡ್ಯಾನ್ಸರ್‌ಗಳಲ್ಲಿ ಮಾಮೂಲು. ಸದ್ದಿನ ಜೊತೆ ತೊಡೆಸಂದಿನಲ್ಲಿ ಚುಚ್ಚಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಯಾರು ಏನೇ ಅನ್ನಲಿ. ಡಾಕ್ಟರ ಹತ್ತಿರ "ಸೊಂಟ" ಅನ್ನಬೇಡಿ, ಕೈಯಿಟ್ಟು ತೋರಿಸಿ.

ಆಪರೇಷನ್ ಬೇಕಾಗಲಿಲ್ಲ, ಆರು ತಿಂಗಳು ಫಿಸಿಯೋ ಆಯಿತು. ಈಗ ಬೇರೆ ಕಡೆ ಕಲಿಯುತ್ತಿದ್ದೇನೆ, ಪಾದ ಸಣ್ಣ ವಿ ಆಕಾರದಲ್ಲಿ, ಮಂಡಿ ಎರಡನೇ ಬೆರಳಿನ ನೇರಕ್ಕೆ. ಚಕ್ಕಳಮಕ್ಕಳ ಕೂರೋದು ಮಾತ್ರ ಇನ್ನೂ ಆಗಲ್ಲ. ಊರಲ್ಲಿ ಪೂಜೆ ಊಟಕ್ಕೆ ಹೋದರೆ ಅಜ್ಜಿಯಂದಿರ ಜೊತೆ ಟೇಬಲ್ ಪಂಕ್ತಿಯಲ್ಲೇ ನನ್ನ ಎಲೆ.