ಧಾರವಾಡದಲ್ಲಿ ಕುಳಿತು ಅಮೆರಿಕದ ನ್ಯಾಚೆಜ್ ಓದುವವರಿಗೆ: ಒಂದು ಪುಕ್ಕಟೆ ಪತ್ರಿಕಾ ಭಂಡಾರದ ವಿಮರ್ಶೆ

ಧಾರವಾಡ, ಗದಗ ಸೀಮೆಯಲ್ಲಿ ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯತಿ ಹತ್ತಿ ಬೇರು ಬಿಟ್ಟದ್ದು 1840ರ ದಶಕದಲ್ಲಿ. ಬೀಜ ನ್ಯೂ ಆರ್ಲಿಯನ್ಸ್ ತಳಿಯದು. ಲಿವರ್‌ಪೂಲ್ ಪೇಟೆಯಲ್ಲಿ ಈ ಅರಳೆಗೆ ಧಾರವಾರ್-ಅಮೆರಿಕನ್ ಎಂದೇ ಹೆಸರು ಬಿತ್ತು. ಮಿಸಿಸಿಪ್ಪಿ ಕಡೆಯ ಹತ್ತಿ ಬೇಸಾಯ ಬಲ್ಲ ಅಮೆರಿಕನ್ನರನ್ನು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಹಿಂದೂಸ್ಥಾನಕ್ಕೆ ಕರೆಸಿತು. ಹುಬ್ಬಳ್ಳಿಯ ಮಗ್ಗುಲಲ್ಲೇ ಇರುವ ಕುಸುಗಲ್ಲಿನಲ್ಲಿ ಸರ್ಕಾರದ ಪ್ರಯೋಗದ ಹೊಲ ಎದ್ದಿತು, ಹತ್ತಿಯಿಂದ ಬೀಜ ಬಿಡಿಸುವ ಗರಗಸದ ಜಿನ್ನುಗಳು ಬಂದವು. ಇಷ್ಟು ಕಥೆ ನಮ್ಮ ಕಡೆಯ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಆ ಬೀಜ, ಆ ಜಿನ್ನು, ಆ ಬೇಸಾಯಗಾರರು ಎಂಥ ಊರುಗಳಿಂದ ಬಂದರು, ಅಲ್ಲಿ ದಿನ ಹೇಗೆ ಕಳೆಯುತ್ತಿತ್ತು ಎಂಬುದು ಸಿಗುವುದಿಲ್ಲ. ಅದನ್ನು ಮನೆಯಲ್ಲೇ ಕುಳಿತು, ಒಂದು ರೂಪಾಯಿ ಖರ್ಚಿಲ್ಲದೆ ಓದಿಸುವ ಸೇವೆ ಕ್ರಾನಿಕ್ಲಿಂಗ್ ಅಮೆರಿಕ ಎಂಬ ಜಾಲತಾಣ. ಇತಿಹಾಸದ ಎಂ.ಎ. ವಿದ್ಯಾರ್ಥಿಗಳಿಗೂ ಸ್ಥಳೀಯ ಚರಿತ್ರೆ ಬರೆಯುವವರಿಗೂ ಇದನ್ನು ಮನಸಾರೆ ಶಿಫಾರಸು ಮಾಡಬಹುದು. ಆದರೆ ಇದೊಂದನ್ನೇ ನಂಬಿ ಕೂತರೆ ಅರ್ಧ ಊರು ಮಾತ್ರ ಕಾಣುತ್ತದೆ. ಹಾಗೆ ಯಾಕೆ ಎಂಬುದನ್ನು ಮುಂದೆ ಬಿಡಿಸಿ ಹೇಳಿದೆ.

ಇದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2007ರಿಂದ ನಡೆಸುತ್ತಿರುವ ಹಳೆಯ ಪತ್ರಿಕೆಗಳ ಭಂಡಾರ. 1756ರಿಂದ 1963ರವರೆಗಿನ 2 ಕೋಟಿಗೂ ಹೆಚ್ಚು ಪುಟಗಳಿವೆ. ಖಾತೆ ತೆರೆಯಬೇಕಿಲ್ಲ, ಒಟಿಪಿ ಇಲ್ಲ, ಜಾಹೀರಾತಿನ ಕಾಟವಿಲ್ಲ. ಪ್ರತಿ ಪುಟವೂ ಚಿತ್ರವಾಗಿ, ಪಿಡಿಎಫ್ ಆಗಿ, ಯಂತ್ರ ಓದಿದ ಅಕ್ಷರರೂಪವಾಗಿ ಮೂರು ಬಗೆಯಲ್ಲಿ ಸಿಗುತ್ತದೆ. ಈಗ ಭಂಡಾರ ಲೈಬ್ರರಿಯ ಮುಖ್ಯ ಜಾಲತಾಣದೊಳಗೇ ಸೇರಿಕೊಂಡಿರುವುದರಿಂದ ಹಳೆಯ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿರುವ ಕೊಂಡಿಗಳು ಬೇರೆ ರೂಪದಲ್ಲಿ ತೆರೆದುಕೊಂಡರೆ ಗಾಬರಿ ಬೇಡ. ಮೊಬೈಲ್‌ನಲ್ಲಿ ಹುಡುಕಬಹುದು, ಓದಲು ಮಾತ್ರ ಆಗದು. ಆರೇಳು ಕಾಲಮ್ಮಿನ ಪುಟವನ್ನು ಬೆರಳಿನಿಂದ ಹಿಗ್ಗಿಸುತ್ತ ಹೋದರೆ ಯಾವ ಕಾಲಮ್ಮಿನಲ್ಲಿದ್ದೇವೆ ಎಂಬುದೇ ತಪ್ಪಿಹೋಗುತ್ತದೆ. ಲ್ಯಾಪ್‌ಟಾಪ್ ಇಟ್ಟುಕೊಳ್ಳಿ.

ಪರೀಕ್ಷೆಗೆ ಆರಿಸಿಕೊಂಡ ಊರು ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್. ಇಂದಿಗೂ ಅದರ ಜನಸಂಖ್ಯೆ 15 ಸಾವಿರದ ಒಳಗೇ ಇದೆ. ಮಿಸಿಸಿಪ್ಪಿ ನದಿಯ ಎತ್ತರದ ದಿಬ್ಬದ ಮೇಲೆ ಊರು, ದಿಬ್ಬದ ಬುಡದಲ್ಲಿ ಹಡಗುಕಟ್ಟೆ. ಮೇಲಿನವರು ಕೆಳಗಿನ ಓಣಿಗೆ ಅಂಡರ್-ದ-ಹಿಲ್ ಎಂದು ಹೆಸರಿಟ್ಟಿದ್ದರು. ಫ್ರೆಂಚರು 1716ರಲ್ಲಿ ಇಲ್ಲಿ ರೋಸಲಿ ಕೋಟೆ ಕಟ್ಟಿದರು. ನ್ಯಾಚೆಜ್ ಎಂಬುದು ಆ ನೆಲದ ಮೂಲನಿವಾಸಿಗಳ ಹೆಸರು. ಅವರು 1729ರಲ್ಲಿ ಬಂಡೆದ್ದರು. ನಂತರ ಫ್ರೆಂಚರು ಅವರನ್ನು ನೆಲದಿಂದಲೇ ಕಿತ್ತುಹಾಕಿದರು. 19ನೇ ಶತಮಾನದ ಮೊದಲರ್ಧದಲ್ಲಿ ಈ ಸಣ್ಣ ಊರಿಗೆ ಹರಿದ ಹಣವೆಲ್ಲ ಹತ್ತಿಯದು, ಆ ಹತ್ತಿ ಬೆಳೆದವರು ಗುಲಾಮರು.

ಹುಡುಕುವ ಕ್ರಮ ಹೀಗಿರಲಿ. ಮೊದಲು ರಾಜ್ಯ, ಆಮೇಲೆ ವರ್ಷಗಳ ಮಿತಿ, ಕೊನೆಗೆ ಪದ. ಮಿತಿ ಹಾಕದೆ ಕಾಟನ್ ಎಂದು ಕೊಟ್ಟರೆ ಲಕ್ಷಗಟ್ಟಲೆ ಪುಟ ಮೈಮೇಲೆ ಬೀಳುತ್ತವೆ. ಐದು ವರ್ಷಕ್ಕಿಂತ ದೊಡ್ಡ ಅವಧಿ ಬೇಡ. ಒಂದೇ ಪದದ ಬದಲು ಒಟ್ಟಿಗೆ ಬರುವ ಎರಡು ಪದ ಕೊಡಿ: ಜಿನ್ ಮತ್ತು ಸ್ಟ್ಯಾಂಡ್, ಬೇಲ್ಸ್ ಮತ್ತು ಸ್ಟೀಮ್‌ಬೋಟ್, ಹೀಗೆ. ಊರಿನ ಹೆಸರನ್ನು ಕೊನೆಯಲ್ಲಿ ಝಡ್ ಹಾಕಿ ಒಮ್ಮೆ, ಎಸ್ ಹಾಕಿ ಇನ್ನೊಮ್ಮೆ ಹುಡುಕಬೇಕು. ಹಳಬರು ಎರಡೂ ರೀತಿ ಬರೆದಿದ್ದಾರೆ.

ಇಷ್ಟಾದರೂ ಸಿಗದಿದ್ದರೆ ತಪ್ಪು ಯಂತ್ರದ ಓದಿನಲ್ಲಿರುತ್ತದೆ. ಪತ್ರಿಕೆಗಳನ್ನು ಮೈಕ್ರೋಫಿಲ್ಮ್‌ನಿಂದ ಸ್ಕ್ಯಾನ್ ಮಾಡಿದ್ದಾರೆ. ಮಸಿ ಹರಡಿದ ಕಡೆ ಎನ್ ಅಕ್ಷರ ಯು ಆಗುತ್ತದೆ, ಇ ಅಕ್ಷರ ಸಿ ಆಗುತ್ತದೆ. ಸಾಲಿನ ಕೊನೆಗೆ ಮುರಿದ ಪದ ಎರಡು ತುಂಡಾಗಿ ಕೂತಿರುತ್ತದೆ. 1800ರ ಹಿಂದಿನ ಪುಟಗಳಲ್ಲಿ ಉದ್ದನೆಯ ಎಸ್ ಅಕ್ಷರವನ್ನು ಯಂತ್ರ ಎಫ್ ಎಂದು ಓದಿಬಿಡುತ್ತದೆ. ಉಪಾಯ ಎರಡು. ಉದ್ದ ಪದದ ಬದಲು ಅದೇ ಸುದ್ದಿಯಲ್ಲಿ ಬರಲೇಬೇಕಾದ ಚಿಕ್ಕ ಪದ ಹುಡುಕುವುದು ಒಂದು. ದಿನಾಂಕ ಗೊತ್ತಿದ್ದರೆ ಹುಡುಕಾಟವನ್ನೇ ಬಿಟ್ಟು ಆ ವಾರದ ಸಂಚಿಕೆಯನ್ನು ಪುಟ ಪುಟವಾಗಿ ತಿರುವಿ ಹಾಕುವುದು ಇನ್ನೊಂದು. ನಿಧಾನವಾದರೂ ಎರಡನೆಯದೇ ಒಳ್ಳೆಯದು. ಹುಡುಕಿದ ಪದದ ಸುತ್ತಮುತ್ತಲಿನ ಊರಿನ ನಿತ್ಯಜೀವನ ಕಣ್ಣಿಗೆ ಬೀಳುವುದೇ ಹಾಗೆ ತಿರುವಿ ಹಾಕುವಾಗ.

ಒಂದು ಉದಾಹರಣೆ. 1840ರ ಮೇ 7ರಂದು ನ್ಯಾಚೆಜ್ ಮೇಲೆ ಸುಂಟರಗಾಳಿ ಎರಗಿ 317 ಜನ ಸತ್ತರು ಎಂದು ಲೆಕ್ಕ. ಹೆಚ್ಚಿನವರು ನದಿಯಲ್ಲಿ ದೋಣಿ, ಹಡಗುಗಳ ಮೇಲಿದ್ದವರು. ಇದನ್ನು ನ್ಯಾಚೆಜ್ ಪತ್ರಿಕೆಯಲ್ಲೇ ಓದಬೇಕೆಂದು ಹಟ ಹಿಡಿದರೆ ಬರಿಗೈ ಆಗುವ ಸಂಭವವೇ ಹೆಚ್ಚು, ಏಕೆಂದರೆ ಪ್ರತಿ ಊರಿನ ಪ್ರತಿ ವರ್ಷದ ಸಂಚಿಕೆ ಭಂಡಾರದಲ್ಲಿಲ್ಲ. ರಾಜ್ಯದ ಮಿತಿ ತೆಗೆದುಹಾಕಿ ಮೇ ಮತ್ತು ಜೂನ್ ತಿಂಗಳನ್ನಷ್ಟೇ ಇಟ್ಟು ಹುಡುಕಿ. ಆ ಕಾಲದ ಸಂಪಾದಕರು ಅಂಚೆಯಲ್ಲಿ ಪರಸ್ಪರ ಪತ್ರಿಕೆ ಕಳಿಸಿಕೊಂಡು, ಬಂದ ಸುದ್ದಿಯನ್ನು ಇದ್ದದ್ದು ಇದ್ದಂತೆಯೇ ಎತ್ತಿ ಹಾಕುತ್ತಿದ್ದರು. ಒಂದೂರಿನ ಪತ್ರಿಕೆ ಕಳೆದುಹೋದರೂ ಅದರ ಸುದ್ದಿ ಎರಡು ಮೂರು ವಾರ ತಡವಾಗಿ ಇನ್ನೊಂದೂರಿನ ಪುಟದಲ್ಲಿ ಉಳಿದಿರುತ್ತದೆ.

ಸುದ್ದಿಗಿಂತ ಜಾಹೀರಾತಿನಲ್ಲೇ ಊರು ಹೆಚ್ಚು ಕಾಣುತ್ತದೆ. ಹಡಗಿನ ಹೊರಡುವ ಹೊತ್ತು, ಟೋಪಿ ಮಾರುವವನು, ಹಲ್ಲಿನ ವೈದ್ಯ, ಸೆಂಟುಗಳಲ್ಲಿ ಬರೆದ ಹತ್ತಿಯ ಪೇಟೆ ಧಾರಣೆ. ನಮ್ಮಲ್ಲಿ ಧಾರಣೆ ಕ್ವಿಂಟಲ್ ಲೆಕ್ಕದಲ್ಲಿ ಕೇಳಿ ರೂಢಿ. ಅಲ್ಲಿ ಒಂದು ಪೌಂಡ್ ಅರಳೆಗೆ ಇಷ್ಟು ಸೆಂಟು ಎಂದು ಇರುತ್ತದೆ. ಮಿಡ್ಲಿಂಗ್ ಎಂಬುದು ನಡುವಿನ ದರ್ಜೆ, ಹೋಲಿಕೆಗೆ ಅದನ್ನೇ ಹಿಡಿಯಬೇಕು. ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ಡಿಸೆಂಬರ್ ಸಂಚಿಕೆಯಲ್ಲಿ ಹೊಸ ಸರಕು ಬಂದಿದೆ ಎಂದು ಕಂಡರೆ ಡಿಸೆಂಬರ್‌ನಲ್ಲೇ ಬಂತೆಂದು ಬರೆದುಬಿಡುತ್ತಾರೆ. ಜಾಹೀರಾತಿನ ಕಟ್ಟಕಡೆಯ ಸಾಲು ನೋಡಿ. ಅಲ್ಲಿ ಪುಟ್ಟ ಅಕ್ಷರದಲ್ಲಿ ಅದು ಮೊದಲು ಅಚ್ಚಾದ ತಾರೀಖು, ಅದರ ಮುಂದೆ 3 ಟಿ ಎಂದೋ ಟಿ ಎಫ್ ಎಂದೋ ಇರುತ್ತದೆ. 3 ಟಿ ಎಂದರೆ ಮೂರು ಸಲ ಹಾಕು. ಟಿ ಎಫ್ ಎಂದರೆ ಬೇಡ ಎನ್ನುವವರೆಗೆ ಹಾಕುತ್ತಿರು. ಮೇ ತಿಂಗಳಲ್ಲಿ ಜೋಡಿಸಿದ ಅಚ್ಚುಮೊಳೆ ವರ್ಷದ ಕೊನೆಯವರೆಗೂ ಹಾಗೇ ಕೂತಿರುತ್ತಿತ್ತು.

ಇನ್ನು ಭಂಡಾರದ ದೊಡ್ಡ ಕೊರತೆ. ಅದು ಲೈಬ್ರರಿಯ ತಪ್ಪಲ್ಲ, ಪತ್ರಿಕೆಗಳದೇ. ನ್ಯಾಚೆಜ್‌ನ ಸೇಂಟ್ ಕ್ಯಾಥರೀನ್ ಬೀದಿಯ ಪೂರ್ವ ತುದಿಯಲ್ಲಿ ಫೋರ್ಕ್ಸ್ ಆಫ್ ದ ರೋಡ್ ಎಂಬ ಗುಲಾಮರ ಸಂತೆ ಇತ್ತು. ಆ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬಿಟ್ಟರೆ ಅದೇ ದೊಡ್ಡದು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಉತ್ತರದ ಸೈನ್ಯ ಊರು ಹಿಡಿದ ಮೇಲೆ ಅದನ್ನು ಕೆಡವಲಾಯಿತು. ಪತ್ರಿಕೆಯಲ್ಲಿ ಈ ಸಂತೆ ಕಾಣುವುದು ಮಾರುವವನ ಮಾತಿನಲ್ಲಿ ಮಾತ್ರ: ಇಷ್ಟು ಜನ ಬಂದಿದ್ದಾರೆ, ಇಂಥವನು ಓಡಿಹೋಗಿದ್ದಾನೆ, ಹಿಡಿದುಕೊಟ್ಟವರಿಗೆ ಇಷ್ಟು ಇನಾಮು. ಮಾರಾಟವಾದವರ ಮಾತು ಒಂದು ಸಾಲೂ ಇಲ್ಲ. ಖಾನೇಸುಮಾರಿ, ಅಂದರೆ ಜನಗಣತಿಯ ಕಾಗದಕ್ಕೆ ಹೋದರೂ ಅದೇ ಮೌನ. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಹೆಸರಿನ ಜಾಗವೇ ಇಲ್ಲ. ಓಡಿಹೋದವರ ಜಾಹೀರಾತಿನಲ್ಲಿ ಮಾತ್ರ ಹೆಸರು, ಎತ್ತರ, ಗಾಯದ ಗುರುತು, ಕಲಿತ ಕಸುಬು ಬರೆದಿರುತ್ತಾರೆ. ಆದ್ದರಿಂದ ಓದಲು ಸಂಕಟವಾದರೂ ಆ ಜಾಹೀರಾತುಗಳನ್ನು ದಾಟಿ ಹೋಗಬಾರದು. ನಮ್ಮ ಕಪ್ಪು ನೆಲಕ್ಕೆ ಬಂದ ಬೀಜದ ಹಿಂದೆ ಅವರ ದುಡಿಮೆ ಇದೆ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು ವಿಲಿಯಂ ಜಾನ್ಸನ್ ಎಂಬ ಕ್ಷೌರಿಕನ ದಿನಚರಿ. 1809ರಲ್ಲಿ ಗುಲಾಮನಾಗಿ ಹುಟ್ಟಿ 1820ರಲ್ಲಿ ಬಿಡುಗಡೆ ಪಡೆದ ಕಪ್ಪು ಮನುಷ್ಯ ಈತ. ಕ್ಷೌರದ ಅಂಗಡಿ, ಸ್ನಾನದ ಮನೆ ನಡೆಸಿದ, ಊರಿನ ಬಿಳಿಯರಿಗೆ ಸಾಲ ಕೊಟ್ಟ, ತಾನೂ ಗುಲಾಮರನ್ನು ಇಟ್ಟುಕೊಂಡ. 1835ರಿಂದ 1851ರವರೆಗೆ ಅಂಗಡಿಯ ಗಳಿಕೆ, ಕುದುರೆ ಜೂಜು, ಮೀನು ಹಿಡಿದದ್ದು, ಬೀದಿ ಜಗಳ ಎಲ್ಲವನ್ನೂ ಬರೆದಿಟ್ಟ. 1851ರಲ್ಲಿ ಹೊಲದ ಗಡಿ ತಕರಾರಿನಲ್ಲಿ ಕೊಲೆಯಾದ. ಕಣ್ಣಾರೆ ಕಂಡವರು ಕಪ್ಪು ಜನ, ಅವರ ಸಾಕ್ಷಿ ಕೋರ್ಟಿನಲ್ಲಿ ನಡೆಯುತ್ತಿರಲಿಲ್ಲ, ಆರೋಪಿ ಪಾರಾದ. ದಿನಚರಿ 1951ರಲ್ಲಿ ಅಚ್ಚಾಯಿತು. ಭಂಡಾರದ ಪುಟಗಳನ್ನು ಇದರ ಜೊತೆಗಿಟ್ಟು ಓದಿದರೆ ಅದೇ ವಾರದ ಅದೇ ಬೀದಿ ಎರಡು ಕಡೆಯಿಂದ ಕಾಣುತ್ತದೆ.

ಅದೇ ಲೈಬ್ರರಿ ಪುಕ್ಕಟೆ ಕೊಡುವ ಇನ್ನೊಂದು ಸರಕು, ಬೆಂಕಿ ವಿಮೆಗಾಗಿ ಮಾಡಿದ ಸ್ಯಾನ್‌ಬಾರ್ನ್ ನಕಾಶೆಗಳು. 1880ರ ದಶಕದಿಂದ ಮುಂದಕ್ಕೆ ನ್ಯಾಚೆಜ್‌ಗೂ ಇವೆ. 1890ರ ಖಾನೇಸುಮಾರಿ ಕಾಗದಗಳ ಬಹುಪಾಲು 1921ರ ಬೆಂಕಿಯಿಂದ ಹಾಳಾಗಿ 1880ರಿಂದ 1900ರ ನಡುವೆ ಬಿದ್ದಿರುವ ಕಂದಕಕ್ಕೆ ಇವೇ ಆಸರೆ. ನಮ್ಮ ಸಿಟಿ ಸರ್ವೆ ನಕಾಶೆ ಜಾಗ ಯಾರದು, ಗಡಿ ಎಲ್ಲಿ ಎಂದು ಹೇಳುತ್ತದೆ. ಸ್ಯಾನ್‌ಬಾರ್ನ್ ನಕಾಶೆ ಗೋಡೆ ಯಾವುದರದು, ಮನೆ ಎಷ್ಟು ಮಹಡಿ, ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತದೆ. ಗುಲಾಬಿ ಬಣ್ಣ ಇಟ್ಟಿಗೆ, ಹಳದಿ ಕಟ್ಟಿಗೆ, ನೀಲಿ ಕಲ್ಲು, ಬೂದು ಕಬ್ಬಿಣ. ಡಿ ಎಂದರೆ ವಾಸದ ಮನೆ, ಎಸ್ ಎಂದರೆ ಅಂಗಡಿ. ಹಾಳೆ 21 ಇಂಚು ಅಗಲ, 25 ಇಂಚು ಉದ್ದ. ಸಾಮಾನ್ಯವಾಗಿ ನಕಾಶೆಯ ಒಂದು ಇಂಚಿಗೆ ನೆಲದ 50 ಅಡಿ.

ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ತುರುಕಿಸಬೇಡಿ. ಅಳತೆ ಕುಗ್ಗಿ ಇಂಚಿಗೆ ಸುಮಾರು 90 ಅಡಿ ಆಗುತ್ತದೆ, ಮನೆ ನಂಬರುಗಳು ಚುಕ್ಕೆಯಾಗುತ್ತವೆ. ಕಟ್ಟಡದ ಪ್ಲ್ಯಾನ್ ಪ್ರಿಂಟ್ ಹಾಕಿಕೊಡುವ ಪ್ಲಾಟರ್ ಇರುವ ಅಂಗಡಿಗೆ ಒಯ್ದು ಎ1 ಕಾಗದದಲ್ಲಿ, ನೂರಕ್ಕೆ ನೂರು ಅಳತೆಯಲ್ಲಿ, ಬಣ್ಣದಲ್ಲೇ ತೆಗೆಸಿ. ಕಪ್ಪು-ಬಿಳುಪಿನಲ್ಲಿ ತೆಗೆಸಿದರೆ ಇಟ್ಟಿಗೆಯೂ ಕಟ್ಟಿಗೆಯೂ ಒಂದೇ ಬೂದು. ಡೌನ್‌ಲೋಡ್ ಮಾಡುವಾಗ ಚಿಕ್ಕ ಜೆಪೆಗ್ ಬಿಟ್ಟು ಅತಿ ದೊಡ್ಡ ಫೈಲನ್ನೇ ಆರಿಸಿ.

ನಕಾಶೆ ಮತ್ತು ಪತ್ರಿಕೆ ಎರಡೂ ಕೈಯಲ್ಲಿರಬೇಕು ಎನ್ನಲು ಇನ್ನೊಂದು ಕಾರಣ ಅದೇ ಸೇಂಟ್ ಕ್ಯಾಥರೀನ್ ಬೀದಿಯಲ್ಲಿದೆ. 1940ರ ಏಪ್ರಿಲ್ 23ರ ರಾತ್ರಿ ಅಲ್ಲಿನ ರಿದಮ್ ಕ್ಲಬ್‌ಗೆ ಬೆಂಕಿ ಬಿದ್ದು 209 ಕಪ್ಪು ಜನ ಸತ್ತರು. ಕಿಟಕಿಗಳಿಗೆ ಹಲಗೆ ಹೊಡೆದಿತ್ತು, ತೆರೆದಿದ್ದ ಒಂದೇ ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು, ಸೂರಿನಿಂದ ಇಳಿಬಿಟ್ಟಿದ್ದ ಒಣ ಪಾಚಿಬಳ್ಳಿಗೆ ಸೊಳ್ಳೆ ಔಷಧಿ ಸಿಂಪಡಿಸಿದ್ದರು. ವಾಷಿಂಗ್ಟನ್ನಿನ ಈವನಿಂಗ್ ಸ್ಟಾರ್ ಪತ್ರಿಕೆ ಭಂಡಾರದಲ್ಲಿ ಆ ವರ್ಷಕ್ಕೂ ಇದೆ. ಏಪ್ರಿಲ್ 24ರ ಸಂಚಿಕೆಯಿಂದ ಶುರು ಮಾಡಿ.

ಬಣ್ಣದ ಹಾಳೆ ಕೈಗೆ ಬಂದ ಮೇಲೆ ಮೊದಲು ಸ್ಟೇಟ್ ಸ್ಟ್ರೀಟ್ ಹುಡುಕಿ. ಕ್ಷೌರಿಕ ಜಾನ್ಸನ್ ಕಟ್ಟಿಸಿದ ಮನೆ ಆ ಬೀದಿಯಲ್ಲಿದೆ, ನಕಾಶೆಯಲ್ಲಿ ಗುಲಾಬಿ ಬಣ್ಣ. 1840ರ ಸುಂಟರಗಾಳಿಗೆ ಬಿದ್ದ ಕಟ್ಟಡಗಳಿಂದ ಆಯ್ದು ತಂದ ಇಟ್ಟಿಗೆ ಅದರ ಗೋಡೆಯಲ್ಲಿದೆ.