ಶೇ. 24 ಇಳಿಸಿ ಹಿಡಿದ ಟೆಂಡರ್: ಲೆಕ್ಕ ತಪ್ಪಿದ್ದೆಲ್ಲಿ?

ಸಣ್ಣ ಪಟ್ಟಣವೊಂದರ ಕಾಂಕ್ರೀಟ್ ಚರಂಡಿ ಕಾಮಗಾರಿ. ಟೆಂಡರ್‌ಗಿಟ್ಟ ಮೊತ್ತ 1 ಕೋಟಿ ರೂ., ಅವಧಿ 6 ತಿಂಗಳು. ಗುತ್ತಿಗೆದಾರರೊಬ್ಬರು ಶೇ. 24 ಬಿಲೋ ಹಾಕಿ, 76 ಲಕ್ಷಕ್ಕೆ ಎಲ್1 (ಅತಿ ಕಡಿಮೆ ದರದವರು) ಆದರು. ಕೆಲಸ ಮುಗಿಯಿತು, ಗುಣಮಟ್ಟದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಆದರೂ ಟಿಪ್ಪರ್ ಮಾರಿ ಜಲ್ಲಿಯವರ ಬಾಕಿ ತೀರಿಸಬೇಕಾಯಿತು. ಇಂಥದ್ದಾದಾಗ ಊರಿನವರು ಕಮಿಷನ್ ಮೇಲೆ ಗೂಬೆ ಕೂರಿಸಿ ಸುಮ್ಮನಾಗುತ್ತಾರೆ. ಇಲ್ಲಿ ಹಣ ಸೋರಿದ್ದು ಟೆಂಡರ್ ದಾಖಲೆಯನ್ನು ಸರಿಯಾಗಿ ಓದದೆ ಇದ್ದದ್ದರಿಂದ.

ಮೊದಲ ಪೆಟ್ಟು ಜಿಎಸ್‌ಟಿಯದು. ತೆರಿಗೆಯನ್ನು ಇಲಾಖೆ ಬೇರೆಯಾಗಿ ಕೊಡುತ್ತದೆ ಎಂದು ಅವರು ನಂಬಿದ್ದರು. ದಾಖಲೆಯಲ್ಲಿ ಇದ್ದದ್ದು, ನಮೂದಿಸುವ ದರ ಎಲ್ಲ ತೆರಿಗೆ, ಸುಂಕ ಒಳಗೊಂಡಿರಬೇಕು ಎಂಬ ಒಂದೇ ಸಾಲು. 2022ರ ಜುಲೈ 18ರಿಂದ ಇಂಥ ಸರ್ಕಾರಿ ಕಾಮಗಾರಿಗೆ ಶೇ. 12 ಹೋಗಿ ಶೇ. 18 ಬಂದಿದೆ. 76 ಲಕ್ಷವನ್ನು 1.18ರಿಂದ ಭಾಗಿಸಿ: ಕೆಲಸದ ನಿಜ ಬೆಲೆ 64.41 ಲಕ್ಷ, ತೆರಿಗೆ 11.59 ಲಕ್ಷ. ಸಿಮೆಂಟು, ಕಬ್ಬಿಣದ ಬಿಲ್ಲಿನಿಂದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಸಿಗುತ್ತದೆ ನಿಜ. ಆದರೆ ಕೂಲಿಗೆ ಕ್ರೆಡಿಟ್ ಇಲ್ಲ, ಜಲ್ಲಿಗೆ ಸಿಗುವುದು ಅಲ್ಪ, ಬಿಲ್ಲಿಲ್ಲದೆ ತಂದ ಮಾಲಿಗೆ ಸೊನ್ನೆ. ಎಸ್‌ಆರ್ (ಇಲಾಖೆಯ ದರಪಟ್ಟಿ) ದರದೊಳಗೇ ಗುತ್ತಿಗೆದಾರನ ಲಾಭ, ಮೇಲ್ಖರ್ಚು ಸೇರಿರುತ್ತವೆ. ಶೇ. 24 ಇಳಿಸುವಾಗ ಆ ಲಾಭ ಮೊದಲೇ ಕರಗಿತ್ತು. ತೆರಿಗೆ ಕೈ ಹಾಕಿದ್ದು ಬಂಡವಾಳಕ್ಕೆ.

ಬಿಲ್ಲಿನ ಕಡಿತಗಳನ್ನೂ ಅವರು ಹಾಳೆಗೆ ಇಳಿಸಿರಲಿಲ್ಲ. ಜಿಎಸ್‌ಟಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಶೇ. 2. ಆದಾಯ ತೆರಿಗೆ ಟಿಡಿಎಸ್ ವೈಯಕ್ತಿಕ ಗುತ್ತಿಗೆದಾರರಿಗೆ ಶೇ. 1, ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಗೆ ಶೇ. 2. ಕಟ್ಟಡ ಕಾರ್ಮಿಕರ ಸೆಸ್ ಶೇ. 1. ಇದರ ಮೇಲೆ ಆ ಟೆಂಡರ್‌ನಲ್ಲಿ ಪ್ರತಿ ಬಿಲ್ಲಿನಿಂದ ಶೇ. 5 ಠೇವಣಿ, ಅಂದರೆ ಒಟ್ಟು 3.80 ಲಕ್ಷ, ದೋಷ ಹೊಣೆ ಅವಧಿ ಮುಗಿಯುವವರೆಗೆ ಇಲಾಖೆಯಲ್ಲೇ. ಟಿಡಿಎಸ್ ಮುಂದೆ ಲೆಕ್ಕಕ್ಕೆ ಬರುತ್ತದೆ, ಠೇವಣಿಯೂ ವಾಪಸ್ ಬರುತ್ತದೆ. ಸೆಸ್ ಬರುವುದಿಲ್ಲ. ಮೇಸ್ತ್ರಿ ಮಾತ್ರ ಶನಿವಾರಕ್ಕೆ ಬಟವಾಡೆ ಕೇಳುತ್ತಾನೆ.

ಗಣಿ ಮಾಲಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯದು ಇನ್ನೊಂದು ಕಥೆ. ಜಲ್ಲಿ, ಎಂ-ಸ್ಯಾಂಡ್, ಸೈಜುಗಲ್ಲಿಗೆ ಗಣಿ ಇಲಾಖೆಯ ಸಾಗಣೆ ಪರ್ಮಿಟ್ ಒಪ್ಪಿಸದಿದ್ದರೆ, ಎಂಬಿಯಲ್ಲಿ (ಇಲಾಖೆಯ ಅಳತೆ ಪುಸ್ತಕ) ಬರೆದ ಪ್ರಮಾಣದ ಮೇಲೆ ಲೆಕ್ಕ ಹಾಕಿ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಲೋಡಿಗೆ ನಾಲ್ಕು ಕಾಸು ಕಡಿಮೆ ಎಂದು ಪರ್ಮಿಟ್ ಇಲ್ಲದ ಕ್ರಷರ್‌ನಿಂದ ತಂದವರು ಅದನ್ನು ಇಲ್ಲಿ ಕಳೆದುಕೊಳ್ಳುತ್ತಾರೆ. ಪ್ರತಿ ಲೋಡಿನ ಪರ್ಮಿಟ್ ದಿನಾಂಕವಾರು ಫೈಲಿಗೆ ಹಾಕಿಡಿ. ಕೊನೆಯ ಬಿಲ್ಲಿನ ಹೊತ್ತಿಗೆ ಕ್ರಷರ್ ಮಾಲೀಕ ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಆಗುವ ಮುನ್ನವೇ ಒಂದು ಕಾಗದ ಬಂದಿತ್ತು: ದರ ಅಂದಾಜಿಗಿಂತ ತೀರಾ ಕಡಿಮೆ ಇದೆ, ದರ ವಿಶ್ಲೇಷಣೆ ಕೊಡಿ, ಹೆಚ್ಚುವರಿ ಭದ್ರತಾ ಠೇವಣಿ ಕಟ್ಟಿ. ಕರ್ನಾಟಕದ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿ ಹೀಗೆ ಕೇಳಲು ಇಲಾಖೆಗೆ ಅವಕಾಶ ಇದೆ. ಈ ಠೇವಣಿಗೆಂದು ಹೊಸ ಗ್ರಾಹಕರಿಗೆ ಬ್ಯಾಂಕು ಗ್ಯಾರಂಟಿ ಕೊಡಬೇಕಾದರೆ ಬಹುತೇಕ ಪೂರ್ತಿ ಮೊತ್ತವನ್ನೇ ಎಫ್‌ಡಿ ಇಡಿ ಅನ್ನುತ್ತದೆ. ಕೆಲಸ ಶುರು ಮಾಡಲು ಇಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು, ಸಿಮೆಂಟು ಸಾಲಕ್ಕೆ ಬಂತು. ಕರಾರಿಗೆ ಸಹಿ ಹಾಕದೆ ಹಿಂದೆ ಸರಿಯೋಣವೆಂದರೆ ಇಎಂಡಿ (ಟೆಂಡರ್ ಜೊತೆ ಕಟ್ಟಿದ ಮುಂಗಡ ಠೇವಣಿ) ಮುಟ್ಟುಗೋಲು. ನಮ್ಮ ಅಭಿಪ್ರಾಯ ಕೇಳಿದರೆ, ಅಂಥ ಹೊತ್ತಲ್ಲಿ ಇಎಂಡಿ ಬಿಟ್ಟರೆ ಎಷ್ಟು, ಕೆಲಸ ಮಾಡಿದರೆ ಎಷ್ಟು ಎಂದು ಎರಡೂ ನಷ್ಟವನ್ನು ಪಕ್ಕಪಕ್ಕ ಬರೆದು ನೋಡಬೇಕು. ಕಪ್ಪುಪಟ್ಟಿಯ ಅಪಾಯವನ್ನೂ ಅದರ ಜೊತೆ ಇಡಿ.

ಅಗೆಯಲು ಶುರು ಮಾಡಿದರೆ 40 ಮೀಟರ್ ಉದ್ದಕ್ಕೆ ಗಟ್ಟಿಬಂಡೆ. ಪರಿಮಾಣ ಪಟ್ಟಿಯಲ್ಲಿ ಮಣ್ಣು ಅಗೆತ ಮಾತ್ರ ಇತ್ತು. ಸೈಟಿಗೆ ಬಂದ ಎಂಜಿನಿಯರ್ “ಒಡೀರಿ, ಆಮೇಲೆ ಸೇರಿಸೋಣ” ಅಂದರು, ಇವರು ಬ್ರೇಕರ್ ತರಿಸಿ ಒಡೆದರು. ಅಷ್ಟರಲ್ಲಿ ಆ ಎಂಜಿನಿಯರ್‌ಗೆ ವರ್ಗವಾಯಿತು. ಹೆಚ್ಚುವರಿ ಐಟಂಗೆ ಬರವಣಿಗೆಯಲ್ಲಿ ಅನುಮೋದನೆ ಇಲ್ಲದೆ ಹೊಸಬರು ಎಂಬಿಯಲ್ಲಿ ಹೇಗೆ ಬರೆದಾರು? ಬಂಡೆ ಕಂಡ ದಿನವೇ ಕೆಲಸ ನಿಲ್ಲಿಸಿ, ಜಿಪಿಎಸ್ ಫೋಟೊ ಮತ್ತು ಲೆವೆಲ್ ಸಮೇತ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಅದೇ ಪತ್ರದಲ್ಲಿ ಅವಧಿ ವಿಸ್ತರಣೆಯನ್ನೂ ಕೇಳಬೇಕು, ಇಲ್ಲದಿದ್ದರೆ ಕೊನೆಗೆ ವಿಳಂಬದ ದಂಡವೂ ತಲೆಗೆ ಬರುತ್ತದೆ. ಚರಂಡಿಯ ತಳದ ಬೆಡ್ ಕಾಂಕ್ರೀಟಿಗೂ ಇದೇ ಮಾತು: ಮುಚ್ಚುವ ಮೊದಲು ಅಳತೆ ಎಂಬಿಗೆ ಏರಬೇಕು. ಮುಚ್ಚಿದ ಮೇಲೆ ಬಾಯಿಮಾತು ಅಷ್ಟೇ.

ಕಾಂಕ್ರೀಟಿನ ಬಲ ಪರೀಕ್ಷೆಯ ಕ್ಯೂಬ್‌ಗಳನ್ನೂ ಉದಾಸೀನ ಮಾಡಬೇಡಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ 5 ಘನ ಮೀಟರ್‌ವರೆಗೆ 1 ಸ್ಯಾಂಪಲ್, 6ರಿಂದ 15ಕ್ಕೆ 2, 16ರಿಂದ 30ಕ್ಕೆ 3, 31ರಿಂದ 50ಕ್ಕೆ 4. ಒಂದು ಸ್ಯಾಂಪಲ್ ಅಂದರೆ 3 ಕ್ಯೂಬ್. 28 ದಿನದ ವರದಿ ಇಲ್ಲದ ಬಿಲ್ಲು ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ತಾಂತ್ರಿಕ ಲಕೋಟೆಯಲ್ಲೇ (ದರ ತೆರೆಯುವ ಮೊದಲು ಅರ್ಹತೆ ನೋಡುವ ಹಂತ) ಬಿದ್ದುಹೋಗುವವರ ನಷ್ಟ ಇದಕ್ಕಿಂತ ಚಿಕ್ಕದು, ಆದರೂ ಹೇಳಿಬಿಡುತ್ತೇವೆ. ಕೆಡಬ್ಲ್ಯು-4ರ ಸಾಮರ್ಥ್ಯ ಸೂತ್ರ ಎ × ಎನ್ × 1.5 − ಬಿ. ಎ ಎಂದರೆ ಹಿಂದಿನ 5 ವರ್ಷಗಳಲ್ಲಿ ಯಾವುದೇ ಒಂದು ವರ್ಷ ಮಾಡಿದ ಗರಿಷ್ಠ ಕೆಲಸ, ಎನ್ ಕಾಮಗಾರಿ ಅವಧಿ ವರ್ಷದ ಲೆಕ್ಕದಲ್ಲಿ, ಬಿ ಆ ಅವಧಿಯಲ್ಲಿ ಮುಗಿಸಬೇಕಾದ ಕೈಯಲ್ಲಿರುವ ಕೆಲಸ. 6 ತಿಂಗಳಿಗೆ ಎನ್ 0.5, ಆದರೆ ಬಹಳ ಮಂದಿ 1 ಎಂದು ಹಾಕುತ್ತಾರೆ. 160 ಲಕ್ಷ ಮಾಡಿದ್ದವರಿಗೆ 120 ಲಕ್ಷ ಬರುತ್ತದೆ. ಕೈಯಲ್ಲಿ 30 ಲಕ್ಷದ ಕೆಲಸ ಬಾಕಿ ಇದ್ದರೆ ಉಳಿಯುವುದು 90, ಕೋಟಿಯ ಟೆಂಡರ್‌ಗೆ ಸಾಲದು. ಬಾಕಿ ಕೆಲಸ ಮುಚ್ಚಿಟ್ಟರೆ ಪ್ರತಿಸ್ಪರ್ಧಿಯೇ ದೂರು ಕೊಡುತ್ತಾನೆ. ವಹಿವಾಟಿನ ಸಿಎ ಪ್ರಮಾಣಪತ್ರದ ಮೇಲೆ ಯುಡಿಐಎನ್ ಸಂಖ್ಯೆ (ಆ ಪ್ರಮಾಣಪತ್ರದ ಗುರುತಿನ ಸಂಖ್ಯೆ) ಇದೆಯೇ ಅಂತಲೂ ನೋಡಿ. ಟೆಂಡರ್ ಅಂಗೀಕಾರ ಪ್ರಾಧಿಕಾರದ ಆದೇಶದಲ್ಲಿ ಅನ್ಯಾಯವಾಗಿದ್ದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 16ನೇ ಪ್ರಕರಣದಡಿ ಮೇಲ್ಮನವಿಗೆ 30 ದಿನ ಇದೆ.

ಕೊನೆಯ ಬಿಲ್ಲು ತಡವಾದದ್ದು ಅನುದಾನವಿಲ್ಲದೆ. ಅದೇ ಲೆಕ್ಕಶೀರ್ಷಿಕೆಯಲ್ಲಿ (ಅನುದಾನದ ಖಾತೆ) ಮೊದಲೇ ಎಷ್ಟು ಬಿಲ್ಲು ಬಾಕಿ ಇದೆ ಎಂದು ಅವರು ವಿಚಾರಿಸಿರಲಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳಿದರೆ ಸಿಗುವ ಉತ್ತರ ಅದು. ಉತ್ತರಕ್ಕೆ 30 ದಿನ ಹಿಡಿಯುವುದರಿಂದ, ನೀವು ಕೆಲಸ ಹಿಡಿಯಬೇಕೆಂದಿರುವ ವಿಭಾಗಕ್ಕೆ ಟೆಂಡರ್ ಕರೆಯುವ ಮೊದಲೇ ಅರ್ಜಿ ಹಾಕಿ.